ಬಿದ್ದ ಸೇಬು ಬುಡದಲ್ಲಿ ಬೇಡ

ಹಿತ್ತಿಲ ಸೇಬಿನ ಮರದಲ್ಲಿ ಹಣ್ಣಿಗೇನೂ ಕೊರತೆ ಇರಲಿಲ್ಲ. ಆದರೆ ಯಾವುದನ್ನು ಹೆಚ್ಚಿದರೂ ಒಳಗೊಂದು ಹುಳ, ಸ್ವಂತ ಮನೆಯಲ್ಲಿದ್ದಂತೆ ಆರಾಮಾಗಿ ಕೂತಿರುತ್ತಿತ್ತು. ಮೂರು ವರ್ಷ ಇದೇ ಪಾಡು. ನಾಲ್ಕನೆಯ ವರ್ಷ, ಎಲೆಯೆಲ್ಲ ಉದುರಿದ ಮೇಲೆ, ವೆಲ್ಡಿಂಗ್ ಕೆಲಸದ ತಮ್ಮ ಗರಗಸ ಹಿಡಿದು ಹಿತ್ತಿಲಿಗೆ ಬಂದ.

“ಇದನ್ನ ಉರುಳಿಸಿದ್ರೆ ನನಗೊಂದು ಶೆಡ್ ಆಗುತ್ತೆ. ಹುಳ ಸಾಕೋಕೆ ಮರ ಯಾಕೆ?”

ಅಕ್ಕ ಟೈಲರ್. ಮೊಣಕಾಲೆತ್ತರದ ಸಸಿ ತಂದು ಈ ಮರ ಬೆಳೆಸಿದವಳು ಅವಳೇ. ಒಳಗಿನಿಂದ ಹೊಲಿಗೆ ಮಿಷನ್ ದರದರ ಎಳೆದು ತಂದು ಬುಡದಲ್ಲಿಟ್ಟು, ಯಾರದೋ ಕೋಟಿನ ತೋಳು ಹೊಲಿಯುತ್ತಾ ಕೂತುಬಿಟ್ಟಳು.

“ಏಳಕ್ಕ.”

“ಏಳಲ್ಲ. ಒಂದು ವರ್ಷ ಕೊಡು.”

“ನಿನ್ನ ಹಟ ನನಗೆ ಗೊತ್ತಿಲ್ವಾ? ಸರಿ, ಒಂದೇ ವರ್ಷ. ಆಮೇಲೆ ಅಡ್ಡ ಬರಬೇಡ.”

ಹಟ ಹಿಡಿದದ್ದೇನೋ ಆಯಿತು, ಮುಂದೇನು ಮಾಡಬೇಕೆಂದು ಅವಳಿಗೂ ತಿಳಿದಿರಲಿಲ್ಲ. ಬೀದಿಯ ಕೊನೆಯಲ್ಲಿ ನರ್ಸರಿ ನಡೆಸುವ ಹೆಂಗಸನ್ನು ಕರೆತಂದಳು. ಬೀದಿಗೆಲ್ಲ ಆಕೆ ಚಿಕ್ಕಮ್ಮ. ಚಿಕ್ಕಮ್ಮ ಮರದ ಕಡೆ ತಲೆಯೆತ್ತಲೇ ಇಲ್ಲ, ನೆಲ ನೋಡಿದಳು. ಬುಡದ ಸುತ್ತ ಕೊಳೆತ ಸೇಬುಗಳು.

“ಇದನ್ನ ಯಾರೂ ಎತ್ತಲ್ವಾ?”

“ಎತ್ತಬಾರದು,” ಎಂದರು ಬಾಗಿಲಲ್ಲಿ ಕೂತಿದ್ದ ಅಮ್ಮ. “ಯಾವ ಗಿಡದಿಂದ ಬಿದ್ದದ್ದೋ ಆ ಗಿಡಕ್ಕೇ ಗೊಬ್ಬರ. ಈ ಮನೇಲಿ ಮೊದಲಿಂದ ಹಾಗೇ.”

“ಗೊಬ್ಬರ ಅಲ್ಲಮ್ಮ, ಹುಳಕ್ಕೆ ಬಾಣಂತನ ಮಾಡ್ತಿದ್ದೀರಿ! ಬಿದ್ದ ಹಣ್ಣಿಂದ ಹುಳ ಆಚೆ ಬಂದು ತೊಗಟೆ ಸಂದೀಲಿ ಅಡಗುತ್ತೆ. ಚಳಿ ಕಳೆದ ಮೇಲೆ ಪತಂಗ ಆಗಿ ಹಾರಿ, ಹೊಸ ಕಾಯಿ ಹತ್ರ ಮೊಟ್ಟೆ ಇಡುತ್ತೆ.”

ಅಮ್ಮನ ಮುಖ ಗಂಟಾಯಿತು. “ನಮ್ಮನೆಗೆ ಬಂದು ನನಗೇ ಪಾಠವಾ?”

ಅಮ್ಮನನ್ನು ನೋಡಿ ಅಕ್ಕನಿಗೆ ಸಂಕಟವಾಯಿತು. ಆದರೂ ಅಂದೇ ಬುಟ್ಟಿ ಹಿಡಿದು ಒಂದೂ ಬಿಡದೆ ಆರಿಸಿ, ಪ್ಲಾಸ್ಟಿಕ್ ಚೀಲಕ್ಕೆ ತುಂಬಿ, ಬಾಯಿ ಬಿಗಿದು ಬಿಸಿಲಿಗೆ ಇಟ್ಟಳು. ಅಮ್ಮ ಮೂರು ದಿನ ಅವಳೊಡನೆ ಮಾತು ಬಿಟ್ಟರು.

ಚಳಿ ಮುಗಿಯುವ ಮೊದಲು ಚಿಕ್ಕಮ್ಮ ಕೊಂಬೆ ಸವರುವುದನ್ನು ಕಲಿಸಿದಳು. ಒಣಗಿದ್ದು, ರೋಗ ಹಿಡಿದದ್ದು, ಒಂದಕ್ಕೊಂದು ಉಜ್ಜುವುದು ಹೋಗಬೇಕು. ಮರದ ನಡುವಿಗೆ ಬಿಸಿಲು, ಗಾಳಿ ಬರಬೇಕು. ಆದರೆ ಒಂದೇ ಸಲಕ್ಕೆ ಕಾಲು ಭಾಗಕ್ಕಿಂತ ಹೆಚ್ಚು ಕತ್ತರಿಸಬಾರದು.

“ನಾನು ಕಡಿದ್ರೆ ತಪ್ಪು, ನೀನು ಕಡಿದ್ರೆ ಸರಿಯಾ?” ತಮ್ಮ ಕೆಣಕಿದ.

“ಬಟ್ಟೆ ಕತ್ತರಿಸೋದು ಬೇರೆ, ಹರಿಯೋದು ಬೇರೆ ಕಣೋ.”

ಕಾಯಿ ಗೋಲಿಗಾತ್ರ ಆದಾಗ, ಅಕ್ಕ ಗೊಂಚಲಿಗೆ ಒಂದೊಂದು ಬಿಟ್ಟು ಮಿಕ್ಕದ್ದನ್ನು ಕಿತ್ತಳು. ಕಾಯಿಗೆ ಕಾಯಿ ತಾಕಿಕೊಂಡಿದ್ದರೆ ಹುಳ ಒಳಹೊಗುವುದು ಸುಲಭ ಎಂದು ಚಿಕ್ಕಮ್ಮ ಹೇಳಿದ್ದಳು. ಪಕ್ಕದ ಮನೆಯವರು ಗೋಡೆಯಾಚೆಯಿಂದ ನಕ್ಕರು. “ನಕ್ಕೊಳ್ಳಿ, ಹಲ್ಲಿಗೆ ಗಾಳಿ ತಾಕುತ್ತೆ,” ಎಂದಳು. ಅಂದಿನಿಂದ ಪ್ರತಿ ಸಂಜೆ, ಹೊಲಿಗೆ ಎಷ್ಟೇ ಬಾಕಿ ಇದ್ದರೂ, ಬಿದ್ದದ್ದನ್ನು ಆರಿಸುವುದು ತಪ್ಪಲಿಲ್ಲ.

ಹಣ್ಣಾಯಿತು. ತಮ್ಮ ಚಾಕು ತಂದು, ತಾನೇ ಆರಿಸಿದ ಹತ್ತು ಸೇಬು ಸಾಲಾಗಿಟ್ಟು ಹೆಚ್ಚಿದ. ಮೂರನೆಯದರಲ್ಲಿ ಹುಳ ಸಿಕ್ಕಿದ್ದೇ ಕುಣಿದಾಡಿದ. “ನೋಡು, ಇದೆ!”

“ಇದೆ. ಪೂರ್ತಿ ಹೆಚ್ಚು.”

ಹತ್ತರಲ್ಲಿ ಎರಡಕ್ಕೆ ಹುಳ, ಎಂಟು ಚೊಕ್ಕ.

“ಹೋದ ವರ್ಷ ಹತ್ತಕ್ಕೆ ಹತ್ತೂ ಕೆಟ್ಟಿತ್ತು,” ಎಂದಳು ಅಕ್ಕ. “ಇನ್ನೊಂದು ವರ್ಷ ಕೊಡು ಅಂತ ನಾನು ಕೇಳಲ್ಲ. ಮರ ಇರುತ್ತೆ, ಅಷ್ಟೇ.”

ತಮ್ಮ ಒಂದು ಹೋಳು ಬಾಯಿಗೆ ಹಾಕಿಕೊಂಡ. ಇನ್ನೊಂದು ಹಾಕಿಕೊಂಡ. “ಶೆಡ್ ಮುಂದುಗಡೆ ಕಟ್ಕೋತೀನಿ ಬಿಡು,” ಎಂದ ಬಾಯಿ ತುಂಬಿಕೊಂಡೇ.

ಅಷ್ಟರಲ್ಲಿ ಅಮ್ಮ ಬುಟ್ಟಿ ಹಿಡಿದು ಮರದಡಿ ಬಗ್ಗಿದ್ದರು. “ತಿನ್ನೋದಕ್ಕೆ ಮಾತ್ರ ಮುಂದೆ. ಅಲ್ಲೊಂದು ಬಿದ್ದಿದೆ, ಎತ್ತೋ!”

ನಿಮ್ಮ ಹಿತ್ತಿಲಲ್ಲೂ ಹುಳ ಬಿದ್ದ ಸೇಬಿನ ಮರವಿದೆಯೇ? ಕಡಿದು ಹಾಕಿ ಎನ್ನುವವರಿಗೆ ‘ಆಗಲ್ಲ’ ಎಂದು ಮುಖದ ಮೇಲೆ ಹೇಳಿ. ಹೇಳಿದ ಮೇಲೆ ಸುಮ್ಮನೆ ಕೂರಬೇಡಿ, ಬುಟ್ಟಿ ತನ್ನಿ, ಬಿದ್ದದ್ದನ್ನು ಇವತ್ತೇ ಎತ್ತಿ. ನೆಟ್ಟವರು ನೀವು. ಒಂದು ಹುಳಕ್ಕೆ ಹೆದರಿ ಮರ ಬಿಟ್ಟುಕೊಡಬೇಡಿ.