ಸೇಸಪ್ಪಣ್ಣನ ಚೀನಾ ಖಾತೆ

ನಾನು ಮಾರ್ಗರೆಟ್. ಅಮೆರಿಕದ ಐಸೆಲಿನ್‌ನಲ್ಲಿ ತೆರಿಗೆ ಲೆಕ್ಕ ನೋಡುವ ಒಂದು ಸಿ.ಪಿ.ಎ. ಆಫೀಸಿನ ಮುಂದಿನ ಮೇಜಿನಲ್ಲಿ ಹನ್ನೊಂದು ವರ್ಷದಿಂದ ಕೂತಿದ್ದೇನೆ. ಯಾವ ಕಾಗದ ತರಬೇಕು, ಯಾವ ತಾರೀಕಿನೊಳಗೆ ತರಬೇಕು ಎಂದು ಬಂದವರಿಗೆ ಹೇಳುವುದೇ ನನ್ನ ಕೆಲಸ. ಹೇಳುವುದರಲ್ಲಿ ನಾನು ಬಹಳ ಜೋರು. ಆ ಜೋರು ಎಲ್ಲಿಗೆ ಬಂದು ನಿಂತಿತು ಎಂಬುದನ್ನೂ ಮುಚ್ಚಿಡದೆ ಹೇಳುತ್ತೇನೆ.

ಇದು ಈ ವರ್ಷದ, ಎಂದರೆ 2010ರ, ಜೂನ್ ತಿಂಗಳ ಮಾತು. ಆಗ ಇಲ್ಲಿಯ ಓಕ್ ಟ್ರೀ ರೋಡಿನ ಭಾರತೀಯ ಅಂಗಡಿಗಳಲ್ಲಿ ಬದನೆಕಾಯಿ ಆರಿಸುವವರೂ ಬ್ಯಾಂಕಿನ ವಿಷಯವನ್ನೇ ಮಾತಾಡುತ್ತಿದ್ದರು. ಯಾರಿಗೆ ಲೇಆಫ್ ಆಯಿತು, ಯಾರ ಮನೆ ಹೋಯಿತು, ಯಾರ ರಿಟೈರ್‌ಮೆಂಟ್ ದುಡ್ಡು ಅರ್ಧಕ್ಕಿಳಿಯಿತು. ಒಂದು ಶನಿವಾರ ಅಂಗಡಿಯಲ್ಲಿ ಚಂದ್ರಾವತಿ ಸಿಕ್ಕಿದರು. ಓಲ್ಡ್ ಬ್ರಿಡ್ಜ್ ಎಂಬ ಊರಿನಲ್ಲಿ ನಮ್ಮ ಮನೆಯಿಂದ ಮೂರನೇ ಮನೆ ಅವರದು. ಅವರೂ ನಾನೂ ಮಂಗಳೂರಿನ ಕಡೆಯವರು. ಅಲ್ಲಿಯ ರೂಢಿಯಂತೆ ಅವರು ನನ್ನನ್ನು ಬಾಯಮ್ಮ ಎನ್ನುತ್ತಾರೆ, ನಾನು ಚಂದ್ರಕ್ಕ ಎನ್ನುತ್ತೇನೆ.

"ಜನವರಿಯಲ್ಲಿ ಊರಿಗೆ ಹೋಗ್ಲಿಕ್ಕುಂಟು ಚಂದ್ರಕ್ಕ," ಎಂದೆ. "ಅಮ್ಮನ ಎಫ್.ಡಿ. ರಿನ್ಯೂ ಮಾಡ್ಬೇಕಂತೆ. ನನ್ನ ಸೈನೂ ಬೇಕಂತೆ."

ಸೈನ್ ಎಂದ ಕೂಡಲೇ ಚಂದ್ರಕ್ಕನ ಮುಖ ಬಿಳುಚಿಕೊಂಡಿತು. ಕೈಯಲ್ಲಿದ್ದ ಬಸಳೆ ಕಟ್ಟನ್ನು ವಾಪಸ್ ಇಟ್ಟುಬಿಟ್ಟರು.

"ಬಾಯಮ್ಮ, ಸೈನ್ ಮಾಡಿದವರನ್ನೂ ಹಿಡೀತಾರಾ?"

"ಎಂತ ಸೈನ್? ಯಾರು ಹಿಡಿಯುವುದು?"

ಬೇಳೆ ಮೂಟೆಗಳ ಪಕ್ಕದಲ್ಲೇ ನಿಂತು ಎಲ್ಲ ಹೇಳಿದರು. ಅವರ ಗಂಡ ಸೇಸಪ್ಪ ಒಂದು ಮೋಟೆಲಿನಲ್ಲಿ ಪಾಲುದಾರರು. 2008ರ ಕೊನೆಯಲ್ಲಿ, ದೊಡ್ಡ ದೊಡ್ಡ ಬ್ಯಾಂಕುಗಳು ಮಗುಚುತ್ತಿದ್ದಾಗ, ಮೋಟೆಲಿಗೆ ಮಂಚ ಮೇಜು ಕೊಳ್ಳಲು ಚೀನಾದ ಗುವಾಂಗ್‌ಝೌಗೆ ಹೋಗಿದ್ದರು. ಡಾಲರ್ ಇನ್ನು ಉಳಿಯುವುದಿಲ್ಲ, ಚೀನಾದ ಯುವಾನ್ ಏರುತ್ತದೆ ಎಂದು ಯಾರೋ ತಲೆಗೆ ತುಂಬಿದ್ದರು. ಪಾಸ್‌ಪೋರ್ಟ್ ತೋರಿಸಿ ಅಲ್ಲಿ ಮೂರು ಬ್ಯಾಂಕುಗಳಲ್ಲಿ ಖಾತೆ ತೆರೆದು, ಒಂದೊಂದರಲ್ಲೂ ಒಂಬತ್ತು ಸಾವಿರ ಡಾಲರಿನಷ್ಟು ಯುವಾನ್ ಇಟ್ಟು ಬಂದರು. ಇಬ್ಬರ ಮುಂದಿನ ಕಾಲಕ್ಕೆಂದು ಉಳಿದದ್ದು ಅಷ್ಟೇ. ಮೋಟೆಲ್ ಆಗಲೇ ಅರ್ಧ ಖಾಲಿ.

"ಹೊರದೇಶದಲ್ಲಿ ದುಡ್ಡಿಟ್ಟವರನ್ನೆಲ್ಲ ಹುಡುಕ್ತಾ ಇದ್ದಾರಂತೆ, ಟಿವಿಯಲ್ಲಿ ಬಂತು. ಟ್ಯಾಕ್ಸ್ ರಿಟರ್ನ್‌ಗೆ ನಾನೂ ಸೈನ್ ಹಾಕಿದ್ದೇನೆ. ವಿದೇಶದಲ್ಲಿ ಖಾತೆ ಉಂಟಾ ಅಂತ ಕೇಳುವಲ್ಲಿ ಇಲ್ಲ ಅಂತ ಟಿಕ್ ಮಾಡಿದ್ದಾರೆ ಇವರು. ನನಗೆ ಅನ್ನ ಗಂಟಲಲ್ಲಿ ಇಳಿಯುದಿಲ್ಲ ಬಾಯಮ್ಮ."

ನನಗೆ ಸಿಟ್ಟು ಬಂತು. ಸಾಮಾನು ಅಲ್ಲಿಯೇ ಬಿಟ್ಟು, ಅವರನ್ನು ಕಾರಿನಲ್ಲಿ ಕೂರಿಸಿಕೊಂಡು ನೇರ ಅವರ ಮನೆಗೆ ಹೋದೆ.

ಸೇಸಪ್ಪಣ್ಣ ಡ್ರೈವ್‌ವೇಯಲ್ಲಿ ಕಾರು ತೊಳೆಯುತ್ತಿದ್ದರು. ನನ್ನ ಮುಖ ನೋಡಿ ನೀರು ನಿಲ್ಲಿಸಿದರು.

"ಏನು ಬಾಯಮ್ಮ, ಯುದ್ಧಕ್ಕೆ ಬಂದ ಹಾಗುಂಟು?"

"ಚೀನಾದ ಮೇಲೆ," ಎಂದೆ.

ಅವರು ಹೆಂಡತಿಯ ಕಡೆ ನೋಡಿದರು. ಚಂದ್ರಕ್ಕ ತಲೆ ತಗ್ಗಿಸಿ ಒಳಗೆ ಹೋದರು. ನಾವೂ ಹೋಗಿ ಅಡುಗೆಮನೆಯ ಮೇಜಿಗೆ ಕೂತೆವು.

"ಅದರಲ್ಲಿ ತಪ್ಪೆಂತದು?" ಎಂದರು ಸೇಸಪ್ಪಣ್ಣ. "ನನ್ನ ಬೆವರಿನ ದುಡ್ಡು. ಕದ್ದದ್ದಾ?"

"ಇಟ್ಟದ್ದು ತಪ್ಪಲ್ಲ. ಯುವಾನ್‌ನಲ್ಲಿ ಇಡಿ, ಯೆನ್‌ನಲ್ಲಿ ಇಡಿ, ಯಾರೂ ಬೇಡ ಅನ್ನುದಿಲ್ಲ. ಹೇಳದೆ ಕೂತದ್ದು ತಪ್ಪು. ಹೊರದೇಶದ ಖಾತೆ ತಿಳಿಸ್ಲಿಕ್ಕೆ ಎಫ್‌ಬಾರ್ ಅಂತ ಒಂದು ಫಾರ್ಮ್ ಉಂಟು, ಪ್ರತಿ ವರ್ಷ ತುಂಬಿ ಕಳಿಸ್ಬೇಕು."

"ಹತ್ತು ಸಾವಿರ ದಾಟಿದರೆ ಮಾತ್ರ. ಅದು ನನಗೂ ಗೊತ್ತುಂಟು. ಅದಕ್ಕೇ ಮೂರು ಬ್ಯಾಂಕ್‌ನಲ್ಲಿ ಒಂಬತ್ತೊಂಬತ್ತು ಇಟ್ಟದ್ದು."

"ಒಂದೊಂದು ಖಾತೆಗೆ ಹತ್ತು ಅಲ್ಲ ಸೇಸಪ್ಪಣ್ಣ. ಎಲ್ಲ ಖಾತೆ ಸೇರಿಸಿ ಹತ್ತು. ವರ್ಷದಲ್ಲಿ ಒಂದೇ ಒಂದು ದಿವಸ ದಾಟಿದರೂ ಸಾಕು. ನಿಮ್ಮದು ಇಪ್ಪತ್ತೇಳು."

ಚಂದ್ರಕ್ಕ ಚಹಾ ತಂದಿಟ್ಟರು. ಯಾರೂ ಮುಟ್ಟಲಿಲ್ಲ.

"ದಂಡ ಎಷ್ಟು?" ಎಂದರು ಸೇಸಪ್ಪಣ್ಣ.

"ಗೊತ್ತಿಲ್ಲದೆ ಮಾಡಿದ್ದಾದರೆ ಹತ್ತು ಸಾವಿರ ಡಾಲರ್ ತನಕ ಹಾಕಬಹುದು. ಕಾರಣ ಸರಿ ಇದ್ದರೆ ಬಿಡಲೂಬಹುದು. ಗೊತ್ತಿದ್ದೂ ಮುಚ್ಚಿಟ್ಟರೆ ಖಾತೆಯ ಅರ್ಧ, ಇಲ್ಲ ಅದಕ್ಕಿಂತ ಎಷ್ಟೋ ಜಾಸ್ತಿ. ಇವತ್ತಿಗೆ ನಿಮಗೆ ಗೊತ್ತಾಯ್ತು."

"ನೀವು ಹೇಳದಿದ್ದರೆ ಚೆನ್ನಾಗಿತ್ತು," ಎಂದರು. ನಗಲು ಹೋದರು, ಆಗಲಿಲ್ಲ. "ಚೀನಾದವರು ಹೋಗಿ ಅಮೆರಿಕಕ್ಕೆ ಹೇಳ್ತಾರಾ? ನಾನಾಗಿ ಹೋಗಿ ಕುತ್ತಿಗೆ ಕೊಡುದಾ? ಆ ದುಡ್ಡು ಹೋದರೆ ನಾವಿಬ್ಬರು ಎಂತ ತಿನ್ನುದು?"

"ತಾವಾಗಿ ಹೋಗಿ ಹೇಳಿದವರಿಗೂ ಸಿಕ್ಕಿಬಿದ್ದವರಿಗೂ ಫರಕ್ಕು ಉಂಟು. ಹೋದ ವರ್ಷದ ಫಾರ್ಮ್ ಜೂನ್ ಮೂವತ್ತಕ್ಕೆ ಸರ್ಕಾರದವರ ಕೈ ಸೇರ್ಬೇಕು. ಪೋಸ್ಟ್‌ಗೆ ಹಾಕಿದರೆ ಸಾಲದು, ಅಲ್ಲಿಗೆ ಮುಟ್ಬೇಕು. ಇವತ್ತು ಇಪ್ಪತ್ತಾರು."

ಸೇಸಪ್ಪಣ್ಣ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದರು.

"ನಿಮಗೆ ಹೇಳುದು ಸುಲಭ ಬಾಯಮ್ಮ. ದುಡ್ಡು ನಿಮ್ಮದಲ್ಲವಲ್ಲ."

ಆಗ ಚಂದ್ರಕ್ಕ ಬಾಯಿ ಬಿಟ್ಟರು. ನನ್ನನ್ನು ಚುಚ್ಚಬೇಕೆಂದಲ್ಲ, ನಿಜಕ್ಕೂ ಗೊತ್ತಾಗದೆ ಕೇಳಿದರು.

"ಬಾಯಮ್ಮ, ನಿಮ್ಮ ಅಮ್ಮನ ಎಫ್.ಡಿ.ಗೆ ನಿಮ್ಮ ಸೈನ್ ಬೇಕು ಅಂದ್ರಲ್ಲ. ಅದರಲ್ಲಿ ನಿಮ್ಮ ಹೆಸರು ಉಂಟಾ?"

"ಉಂಟು. ಹೆಸರಿಗೆ ಮಾತ್ರ. ಅಮ್ಮನಿಗೆ ಏನಾದರೂ ಆದರೆ ಸುಲಭ ಆಗ್ಲಿ ಅಂತ ಜಾಯಿಂಟ್ ಮಾಡಿದ್ದು. ದುಡ್ಡು ಅಮ್ಮನದೇ."

"ಎಷ್ಟುಂಟು?"

ಆರು ಲಕ್ಷ ಎಂದೆ. ಹೇಳುತ್ತಿದ್ದ ಹಾಗೆಯೇ ಮನಸ್ಸಿನಲ್ಲಿ ಲೆಕ್ಕ ಹಾಕಿದೆ. ಆರು ಲಕ್ಷ ರೂಪಾಯಿ ಎಂದರೆ ಹದಿಮೂರು ಸಾವಿರ ಡಾಲರ್. ಹೊರದೇಶದ ಖಾತೆ, ಜಂಟಿ ಹೆಸರು. ದುಡ್ಡು ಯಾರದೇ ಆಗಲಿ, ಹೆಸರಿದ್ದರೆ ಹೇಳಲೇಬೇಕು. ಈ ಮಾತನ್ನು ಎಷ್ಟು ಜನರಿಗೆ ಹೇಳಿದ್ದೇನೋ ಲೆಕ್ಕವಿಲ್ಲ. ಊರಿನ ಎಫ್.ಡಿ.ಯನ್ನು ನಾನು ವಿದೇಶದ ಖಾತೆ ಎಂದು ಒಂದು ದಿನವೂ ಎಣಿಸಿರಲಿಲ್ಲ. ಮಂಗಳೂರು ನನಗೆ ಯಾವತ್ತು ವಿದೇಶವಾಗಿತ್ತು?

"ಎಷ್ಟು ವರ್ಷ ಆಯ್ತು?" ಸೇಸಪ್ಪಣ್ಣ ಮೆಲ್ಲಗೆ ಕೇಳಿದರು.

"ನಾಲ್ಕು."

ನನಗೆ ಅಳು ಬಂತು. ನಾಚಿಕೆಯೂ ಆಯಿತು, ಹೆದರಿಕೆಯೂ ಆಯಿತು. ಸೇಸಪ್ಪಣ್ಣ ನಗುತ್ತಾರೆ ಎಂದುಕೊಂಡೆ, ನಗಲಿಲ್ಲ. ಆರಿದ ಚಹಾವನ್ನು ನನ್ನ ಕಡೆ ಸರಿಸಿ ಎದುರು ಕೂತರು.

"ಈಗ ನೀವೆಂತ ಮಾಡ್ತೀರಿ?"

ಯಾರಿಗೂ ಗೊತ್ತಾಗುವುದಿಲ್ಲ ಎಂಬ ಯೋಚನೆ ನನಗೂ ಬಂತು, ಸುಳ್ಳು ಯಾಕೆ ಹೇಳಲಿ.

"ತುಂಬ್ತೇನೆ," ಎಂದೆ. "ಸೋಮವಾರ."

"ಹಾಗಾದರೆ ನನ್ನದನ್ನೂ ತುಂಬಿ," ಎಂದರು. ಚಂದ್ರಕ್ಕ ಅಲ್ಲೇ ನಿಂತು ಸೆರಗಿನಿಂದ ಕಣ್ಣು ಒರೆಸಿಕೊಂಡರು.

ಸೋಮವಾರ ಬೆಳಿಗ್ಗೆ ನಮ್ಮ ಆಫೀಸಿನ ಸಿ.ಪಿ.ಎ. ರೇಣು ಅವರ ಮುಂದೆ ಮೂವರೂ ಕೂತೆವು. ಅವರು ಸೇಸಪ್ಪಣ್ಣನಿಗೂ ನನಗೂ ಬೈದರು, ನನಗೆ ಸ್ವಲ್ಪ ಹೆಚ್ಚು. ಬಿಟ್ಟುಹೋದ ವರ್ಷಗಳ ಫಾರ್ಮ್‌ಗಳನ್ನೂ ತುಂಬಿಸಿ, ಯಾಕೆ ತಡವಾಯಿತು ಎಂದು ನಿಜವನ್ನೇ ಬರೆಸಿ, ಆ ಖಾತೆಗಳಲ್ಲಿ ಬಂದ ಬಡ್ಡಿಯನ್ನೂ ಆದಾಯಕ್ಕೆ ಸೇರಿಸಿ ಹಳೆಯ ರಿಟರ್ನ್‌ಗಳನ್ನು ತಿದ್ದಲು ಶುರುಮಾಡಿದರು. ಮಧ್ಯಾಹ್ನ ಸೇಸಪ್ಪಣ್ಣನೂ ನಾನೂ ಪೋಸ್ಟ್ ಆಫೀಸಿನ ಸಾಲಿನಲ್ಲಿ ಹಿಂದೆ ಮುಂದೆ ನಿಂತು ಎಕ್ಸ್‌ಪ್ರೆಸ್ ಮೇಲ್ ಹಾಕಿದೆವು. ಮಂಗಳೂರಿಗೆ ಫೋನ್ ಮಾಡಿ ಹೇಳಿದಾಗ ಅಮ್ಮ, "ನನ್ನ ದುಡ್ಡಿನ ವಿಷಯ ಅಮೆರಿಕಕ್ಕೆ ಎಂತಕ್ಕೆ?" ಎಂದು ಕೇಳಿದರು.

ದಂಡ ಬರುತ್ತದೋ ಇಲ್ಲವೋ ಇನ್ನೂ ಗೊತ್ತಿಲ್ಲ. ಅಂಚೆಯವನು ಬಂದಾಗಲೆಲ್ಲ ನನ್ನ ಎದೆ ಡವಡವ ಎನ್ನುತ್ತದೆ. ಸೇಸಪ್ಪಣ್ಣನಿಗೂ ಹಾಗೆಯೇ ಅಂತೆ. ಆದರೆ ಚಂದ್ರಕ್ಕ ಮೊನ್ನೆ ಬಸಳೆ ಕೊಂಡು ಮನೆಗೆ ಒಯ್ದರು. ಈಗ ಊಟ ಸೇರುತ್ತದಂತೆ.

ಇದನ್ನು ಓದುತ್ತಿರುವ ನೀವು ಸಿಟಿಜನ್ ಆಗಿರಿ, ಗ್ರೀನ್ ಕಾರ್ಡಿನವರಾಗಿರಿ, ಇಲ್ಲಿ ಟ್ಯಾಕ್ಸ್ ಕಟ್ಟುವ ಕೆಲಸದ ವೀಸಾದವರಾಗಿರಿ. ಚೀನಾದಲ್ಲಿ ಯುವಾನ್ ಇಟ್ಟಿದ್ದೀರಾ? ದುಡ್ಡಿಡುವ ಮೊದಲು ಯೋಚಿಸಿ. ಇಲ್ಲಿಯ ಸರ್ಕಾರದ ಠೇವಣಿ ವಿಮೆ ಅಲ್ಲಿಯ ಬ್ಯಾಂಕಿಗೆ ಇಲ್ಲ, ಏರುತ್ತದೆ ಎಂದ ಯುವಾನ್ ಇಳಿಯಲೂಬಹುದು. ಈಗಾಗಲೇ ಇಟ್ಟಿದ್ದರೆ ಎಲ್ಲ ಖಾತೆಗಳನ್ನೂ ಒಟ್ಟು ಸೇರಿಸಿ ನೋಡಿ, ಗೊತ್ತಿರುವ ಸಿ.ಪಿ.ಎ.ಯನ್ನು ಕಾಣಿರಿ. ಬೇಕೆಂದೇ ಮುಚ್ಚಿಟ್ಟಿದ್ದರೆ ಮೊದಲು ಟ್ಯಾಕ್ಸ್ ವಕೀಲರ ಹತ್ತಿರ ಹೋಗಿ.

ಚೀನಾ ನಮಗೆ ಸಂಬಂಧವಿಲ್ಲ ಎನ್ನುವವರು ಇವತ್ತೇ ಊರಿಗೆ ಫೋನ್ ಮಾಡಿ. ಅಮ್ಮ, ಅಪ್ಪ, ಅಣ್ಣ ಯಾರಾದರೂ ಇರಲಿ, ಒಂದೇ ಪ್ರಶ್ನೆ ಕೇಳಿ: ನಿಮ್ಮ ಪಾಸ್‌ಬುಕ್ಕಿನಲ್ಲಿ ನನ್ನ ಹೆಸರು ಉಂಟಾ?