ಶೇಂಗಾ ಕೊಟ್ಟು ತೆಗೆಸಿದ ಫೋಟೊ

"ಈ ಫೋಟೊ ನಮ್ಮ ಅಪ್ಪಾರು ತಗದದ್ದು. ಕೇಳದ ಹಾಕೀರಿ."

ಸುರೇಖಾ ಆ ಎರಡು ಸಾಲನ್ನು ಮೂರನೆಯ ಸಲ ಓದಿದಳು. ಫೇಸ್‌ಬುಕ್ಕಿನಲ್ಲಿ ಅವಳು ಹಾಕಿದ್ದ ಅಜ್ಜಿಯ ಹಳೆಯ ಫೋಟೊವನ್ನು ಇನ್ನೂರಕ್ಕೂ ಹೆಚ್ಚು ಮಂದಿ ಮೆಚ್ಚಿದ್ದರು. ತಕರಾರು ತೆಗೆದವನು ಇವನೊಬ್ಬನೇ. ಹೆಸರು ಕನಕರಾಜ, ಊರು ಕುಷ್ಟಗಿ. ಮೊದಲು ಸಿಟ್ಟು ಬಂತು. ಅಜ್ಜಿ ನಮ್ಮವಳು, ಫೋಟೊ ಸಿಕ್ಕಿದ ಟ್ರಂಕೂ ನಮ್ಮದು, ಫೋಟೊ ಮಾತ್ರ ಇವನದು ಹೇಗೆ? ಆದರೆ ತಿರುಗಿಸಿ ನೋಡಿದರೆ ಬೆನ್ನಿಗೆ ಮಾಸಿದ ನೀಲಿ ಮೊಹರಿತ್ತು: ಶಾಂತಕುಮಾರ ಸ್ಟುಡಿಯೊ, ಕುಷ್ಟಗಿ.

ಯಲಬುರ್ಗಾದ ತಾಲೂಕು ಕಚೇರಿಯಲ್ಲಿ ಕೂತು ಯಾವ ಹೊಲ ಯಾರ ಹೆಸರಿನಲ್ಲಿದೆ ಎಂದು ದಿನವೂ ನೋಡುವವಳು ಅವಳು. ಫೋಟೊ ಯಾರ ಹೆಸರಿನಲ್ಲಿರುತ್ತದೆ ಎಂಬುದು ಮಾತ್ರ ಗೊತ್ತಿರಲಿಲ್ಲ. ಎರಡನೇ ಶನಿವಾರ ಕುಷ್ಟಗಿಯ ಬಸ್ಸು ಹತ್ತಿದಳು.

ಸ್ಟುಡಿಯೊ ಈಗ ಝೆರಾಕ್ಸ್ ಅಂಗಡಿಯಾಗಿತ್ತು. ಐವತ್ತು ದಾಟಿದ ಕನಕರಾಜ ಚಾಳೀಸನ್ನು ಹಣೆಗೇರಿಸಿ, ಅವಳು ಮುಂದಿಟ್ಟ ಫೋಟೊವನ್ನೂ ಅವಳನ್ನೂ ನೋಡಿದ.

"ಜಗಳಕ್ಕ ಬಂದೀರೇನ್ರಿ?"

"ಇಲ್ರೀ ಅಣ್ಣಾರ, ತಿಳ್ಕೊಳ್ಳಾಕ ಬಂದೀನಿ. ನಮ್ಮ ಅಜ್ಜಿ ಫೋಟೊ ನಿಮ್ದು ಹೆಂಗಾಕ್ಕೈತ್ರಿ?"

ಅವನು ನಕ್ಕು ಚಹಾ ತರಿಸಿದ. "ಅಪ್ಪಾರು ತಗದ ಫೋಟೊಗಳನ್ನ ಯಾರ್ಯಾರೋ ತಮ್ಮ ಹೆಸರು ಹಾಕ್ಕೊಂಡು ಹಂಚಾಕ ಹತ್ಯಾರ. ಅದಕ್ಕ ವಕೀಲರನ್ನ ಕೇಳಿದ್ನಿ. ರೊಕ್ಕ ಕೊಟ್ಟು ತಗಿಸಿದ್ರ ತಗಿಸಿದವ್ರದಂತ. ಅಪ್ಪಾರು ತಾವಾಗೇ ತಗದಿದ್ರ ಅವರದು, ಅವರು ಹ್ವಾದ ಮ್ಯಾಲ ನಂದು. ನಿಮ್ಮ ಅಜ್ಜಿ ರೊಕ್ಕ ಕೊಟ್ಟಿದ್ರಾ?"

ಸುರೇಖಾಳಿಗೆ ಗೊತ್ತಿರಲಿಲ್ಲ. ಫೋಟೊದಲ್ಲಿ ಇಪ್ಪತ್ತರ ಹುಡುಗಿಯೊಬ್ಬಳು ತೋಟದ ಚಿತ್ರ ಬಿಡಿಸಿದ ಪರದೆಯ ಮುಂದೆ ನಿಂತು, ಸ್ಟುಡಿಯೊದ ಫೋನನ್ನು ಕಿವಿಗೆ ಹಿಡಿದು ನಗುತ್ತಿದ್ದಳು. ಕೂಲಿಗೆ ಹೋಗುತ್ತಿದ್ದ ಆ ಹುಡುಗಿಯನ್ನು ಇಲ್ಲಿಗೆ ಕರೆತಂದವರು ಯಾರು?

ಕನಕರಾಜ ಅಟ್ಟದಿಂದ ತಗಡಿನ ಡಬ್ಬಿಯೊಂದನ್ನು ಇಳಿಸಿದ. ಅವನಪ್ಪ ಪ್ರತಿ ನೆಗೆಟಿವ್ವಿನ ಲಕೋಟೆಯ ಮೇಲೂ ಇಸವಿ, ಹೆಸರು ಬರೆದಿಟ್ಟಿದ್ದರು. ಅರ್ಧ ತಾಸು ಹುಡುಕಿದ ಮೇಲೆ ಅಜ್ಜಿಯ ಹೆಸರು ಸಿಕ್ಕಿತು: '೧೯೭೪, ಮುದುಕಮ್ಮ.' ಅದನ್ನು ಸ್ಕ್ಯಾನ್ ಮಾಡಿದಾಗ ಇಬ್ಬರೂ ಕಂಪ್ಯೂಟರಿನತ್ತ ಬಾಗಿದರು. ಪ್ರಿಂಟಿನಲ್ಲಿ ಕಾಣದ ಭಾಗ ಅಲ್ಲಿತ್ತು. ಎಡಗಡೆ, ತೋಟದ ಪರದೆ ಮುಗಿದು ಬರೀ ಗೋಡೆ ಕಾಣುವಲ್ಲಿ, ಒಂದು ಬುಟ್ಟಿ. ಬುಟ್ಟಿಯೊಳಗೆ ನಿದ್ದೆಹೋದ ಕೂಸು.

"ಇದನ್ಯಾಕ ಕತ್ತರಿಸ್ಯಾರ ಅಪ್ಪಾರು?" ಕನಕರಾಜ ತನ್ನಷ್ಟಕ್ಕೇ ಅಂದುಕೊಂಡ. "ಕೂಸು ನಿಮ್ಮ ತಂದಿಯವರೇನ್ರಿ?"

ಸುರೇಖಾಳ ಅಪ್ಪ ಹುಟ್ಟಿದ್ದು ಎಪ್ಪತ್ತೆಂಟರಲ್ಲಿ. ಅವನೇ ಅಜ್ಜಿಯ ಮೊದಲ ಮಗು ಎಂದು ಮನೆಯಲ್ಲಿ ಎಲ್ಲರೂ ಹೇಳುತ್ತಿದ್ದರು.

"ಕೇಳಿ ತಿಳಸ್ರಿ. ನನಗೂ ತಿಳ್ಕೋಬೇಕು ಅನಸೈತಿ," ಎಂದು ಕನಕರಾಜ ಆ ಚಿತ್ರವನ್ನು ಅವಳ ಮೊಬೈಲಿಗೆ ಕಳಿಸಿದ.

ಸುರೇಖಾ ಮನೆಗೆ ಬಂದಾಗ ಮುದುಕಮ್ಮ ಅಂಗಳದಲ್ಲಿ ಹುಣಸೆಹಣ್ಣಿನ ಬೀಜ ಬಿಡಿಸುತ್ತ ಕೂತಿದ್ದಳು. ಸುರೇಖಾ ಸುಲಭದ ಪ್ರಶ್ನೆಯನ್ನೇ ಮೊದಲು ಕೇಳಿದಳು.

"ಅಜ್ಜಿ, ಟ್ರಂಕಿನ್ಯಾಗಿನ ಆ ಫೋಟೊ ಯಾರು ತಗಿಸಿದ್ರು ಬೇ?"

"ನಾನ. ಕುಷ್ಟಗಿ ಸಂತಿಗೆ ಹೋದಾಗ. ರೊಕ್ಕ ಎಲ್ಲಿದ್ದುವು? ಎರಡು ಸೇರು ಶೇಂಗಾ ಕೊಟ್ಟೆ. ನಿಮ್ಮ ಅಜ್ಜಗ ಕಡೀತನಕ ಗೊತ್ತಾಗಲಿಲ್ಲ, ಹಂಗ ಹ್ವಾದ," ಎಂದು ಮುದುಕಮ್ಮ ನಕ್ಕಳು.

ಸುರೇಖಾ ಮೊಬೈಲನ್ನು ಮುಂದೆ ಹಿಡಿದಳು. ಅಜ್ಜಿ ಅದನ್ನು ಒಮ್ಮೆ ದೂರ, ಒಮ್ಮೆ ಹತ್ತಿರ ಹಿಡಿದು ನೋಡಿದಳು. ನಗು ನಿಂತಿತು.

"ಹುಲಗಿ," ಎಂದಳು.

ಆ ಮನೆಯಲ್ಲಿ ಸುರೇಖಾ ಎಂದೂ ಕೇಳದ ಹೆಸರು ಅದು.

"ನನ್ನ ಮೊದಲನೇ ಮಗಳು, ಹುಲಗಮ್ಮ. ಆಕಿ ಫೋಟೊ ತಗಿಸಾಕ ಅಂತ ಹೋಗಿದ್ನವ್ವ. ದಾರ್ಯಾಗ ಮಲಕ್ಕೊಂಡ್ಲು. ಮಲಗಿದ ಕೂಸಿನ ಫೋಟೊ ತಗೀಬಾರ್ದು, ಏಳಲಿ ತಡಿ ಅಂದ ಆತ. ಭಾಳೊತ್ತು ಕುಂತೆ, ಏಳಲಿಲ್ಲ. ಬಸ್ಸಿನ ಹೊತ್ತಾತು. ನೀನರ ನಿಂದ್ರವ್ವ, ಶೇಂಗಾ ಕೊಟ್ಟೀಯಲ್ಲ, ಕೂಸಿನ್ನ ಮುಂದಿನ ಸಂತಿಗೆ ಕರ್ಕೊಂಡು ಬಾ ಅಂದ."

"ಮುಂದಿನ ಸಂತಿ ತನಕ ಆಕಿ ಉಳೀಲಿಲ್ಲ," ಎಂದಳು ಅಜ್ಜಿ. ಸುರೇಖಾ ಅವಳ ಪಕ್ಕದಲ್ಲಿ ಕೂತು, "ನಾ ನಿನ್ನ ಒಂದು ಮಾತು ಕೇಳಲಿಲ್ಲ ಅಜ್ಜಿ. ಹಾಕಿದ್ದನ್ನ ತಗದಬಿಡ್ಲೇನು?" ಎಂದಳು.

"ನಂದಿರಲಿ ಬಿಡು, ಎಲ್ಲಾರೂ ನೋಡ್ಯಾರ. ಇದನ್ನ ಮಾತ್ರ ಹಾಕಬ್ಯಾಡ."

ತನ್ನ ಮೊಬೈಲು ಅಜ್ಜಿಯ ಕೈಯಲ್ಲೇ ಇದ್ದುದರಿಂದ ಸುರೇಖಾ ಅವ್ವನ ಮೊಬೈಲಿನಿಂದ ಕನಕರಾಜನಿಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದಳು.

"ಶೇಂಗಾ ಅಂದ್ರೂ ರೊಕ್ಕನ ಬಿಡ್ರಿ," ಎಂದ ಅವನು. "ಫೋಟೊ ನಿಮ್ಮ ಅಜ್ಜಿದು. ಕೆಳಗ ಅಪ್ಪಾರ ಹೆಸರು ಒಂದು ಬರೀರಿ, ಸಾಕು. ದೊಡ್ಡದೊಂದು ಪ್ರಿಂಟ್ ತಗದು ಕಳಸ್ತೀನಿ. ಎಲ್ಲೀ ತನಕ ತಗೀಲ್ರಿ?"

"ಪೂರ್ತಿ ತಗೀರಿ ಅಣ್ಣಾರ. ಒಂದೀಟೂ ಕತ್ತರಿಸಬ್ಯಾಡ್ರಿ."

ತಿರುಗಿ ನೋಡಿದಾಗ ಮುದುಕಮ್ಮ ಹುಣಸೆಯ ಮೊರ ಪಕ್ಕಕ್ಕೆ ಸರಿಸಿ, ಮೊಬೈಲನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಇಳಿಬಿಸಿಲು ನೇರವಾಗಿ ಅದರ ಮೇಲೆ ಬೀಳುತ್ತಿತ್ತು. ಅವಳು ಸೆರಗು ಎಳೆದು, ಎರಡೂ ಕೈಯಿಂದ ಎತ್ತಿ ಹಿಡಿದು, ಅದಕ್ಕೆ ನೆರಳು ಮಾಡಿದಳು.