ನಲವತ್ತೊಂದನೇ ಪುಟದ ರೆಜಿನಾ

ತಾನು ತೀರಿಹೋಗಿ ಅರುವತ್ತೆಂಟು ವರ್ಷಗಳಾದವೆಂಬುದು ರೆಜಿನಾಗೆ ಗೊತ್ತಾದದ್ದು ಒಂದು ಬುಧವಾರ ಮಧ್ಯಾಹ್ನ, ಹೊಟ್ಟೆ ತುಂಬ ಬಂಗುಡೆ ಗಸಿ ಉಂಡು, ಮಗಳ ಐಪ್ಯಾಡ್ ಹಿಡಿದು ಸೋಫಾದಲ್ಲಿ ಕಾಲು ಚಾಚಿದಾಗ. ಪಾಯ್ಸ್ ಕುಟುಂಬದ ವಂಶಾವಳಿ ಪುಸ್ತಕ ಅಚ್ಚಿಗೆ ಹೋಗುವ ಮೊದಲು ಎಲ್ಲರೂ ಒಮ್ಮೆ ನೋಡಲಿ ಎಂದು, ಅದನ್ನು ಸಿದ್ಧಪಡಿಸಿದ ಡಿಕ್ಸನ್ ವಾಟ್ಸಾಪ್ ಗುಂಪಿಗೆ ಪಿಡಿಎಫ್ ಕಳಿಸಿ ತಿಂಗಳಾಗಿತ್ತು. ಫೋನಿನಲ್ಲಿ ಅಕ್ಷರಗಳು ಇರುವೆ ಸಾಲಿನಂತೆ ಕಂಡದ್ದರಿಂದ ಆಕೆ ಅದರ ಗೋಜಿಗೆ ಹೋಗಿರಲಿಲ್ಲ. ಈಗ ಹಿಗ್ಗಿಸಿ ನೋಡಿದರೆ, ನಲವತ್ತೊಂದನೇ ಪುಟದಲ್ಲಿ ಅಪ್ಪ ಸಾಲ್ವದೋರ್ ಪಾಯ್ಸರ ಮೂವರು ಗಂಡುಮಕ್ಕಳ ಹೆಸರಾದ ಮೇಲೆ, ಕೊನೆಗೆ ಒಂದೇ ಒಂದು ಸಾಲು: ‘ಮಗಳು ರೆಜಿನಾ, ಜನನ 1956, ಶೈಶವದಲ್ಲಿ ಮರಣ, 1957.’

ಅಲ್ಲ, ಹಾಗಾದರೆ ಈಗ ಬಂಗುಡೆ ತಿಂದದ್ದು ಯಾರು? ಮೂವತ್ತೊಂದು ವರ್ಷ ಅಬುಧಾಬಿಯ ಆಸ್ಪತ್ರೆಯಲ್ಲಿ ಹಗಲು ರಾತ್ರಿ ಡ್ಯೂಟಿ ಮಾಡಿದ್ದು ಯಾರು? ಆ ಪುಟದ ಮೂವರು ಗಂಡುಮಕ್ಕಳನ್ನು ಒಬ್ಬೊಬ್ಬರನ್ನಾಗಿ ವೀಸಾ ಕೊಡಿಸಿ ಇಲ್ಲಿಗೆ ಕರೆಸಿಕೊಂಡದ್ದು ಯಾವ ಶಿಶು? ಅಣ್ಣಂದಿರಿಬ್ಬರಿಗೆ, ತಮ್ಮನಿಗೆ ತಲಾ ಅರ್ಧ ಪುಟ. ಹೆಂಡತಿ, ಮಕ್ಕಳು, ಮೊಮ್ಮಕ್ಕಳು, ಒಬ್ಬನ ಮನೆಯ ನಾಯಿಯ ಫೋಟೋ ಕೂಡ. ಆರು ತಲೆಮಾರು ಹಿಂದೆ ಶ್ರೀರಂಗಪಟ್ಟಣದ ಸೆರೆಯಿಂದ ನಡೆದುಕೊಂಡು ಊರಿಗೆ ವಾಪಸ್ ಬಂದ ಮೂಲಪುರುಷ ಜುವಾಂವ್ ಪಾಯ್ಸ್ ಎಷ್ಟು ಎಮ್ಮೆ ಸಾಕಿದ್ದನೆಂಬ ಲೆಕ್ಕವೂ ಅದರಲ್ಲಿತ್ತು. ಎಮ್ಮೆಗಳಿಗೆ ಇದ್ದ ಜಾಗ ರೆಜಿನಾಗೆ ಇರಲಿಲ್ಲ.

ತನ್ನದು ಹಾಳಾಗಲಿ. ಶೈಶವದಲ್ಲೇ ಸತ್ತವಳಿಗೆ ಗಂಡನಿರುವುದಿಲ್ಲ, ಮಗಳಿರುವುದಿಲ್ಲ. ಹಾಗಾದರೆ ಲವಿಟಾ ಏನು ಆಕಾಶದಿಂದ ಉದುರಿದಳೇ? ನಾಳೆ ಯಾರಾದರೂ ಆ ಪುಸ್ತಕ ಬಿಡಿಸಿ ಹುಡುಕಿದರೆ ಸಾಲ್ವದೋರ್ ಪಾಯ್ಸರ ಮಗಳ ಕಡೆಯ ಕವಲೇ ಇಲ್ಲ. ಮೊಹಮ್ಮದ್ ಬಿನ್ ಜಾಯೆದ್ ಸಿಟಿಯ ಈ ಫ್ಲ್ಯಾಟಿನಲ್ಲಿ ಕೂತ ತಾಯಿ ಮಗಳಿಬ್ಬರೂ ಯಾರಿಗೂ ಯಾರೂ ಅಲ್ಲ. ಅಚ್ಚಿಗೆ ಹೋಗುವುದು ಶನಿವಾರ ಸಂಜೆ ಐದಕ್ಕೆ. ಅಷ್ಟರೊಳಗೆ ತಾನೂ ಲವಿಟಾಳೂ ಆ ಪುಟಕ್ಕೆ ಬರಲೇಬೇಕೆಂದು ರೆಜಿನಾ ಹಟ ತೊಟ್ಟಳು.

ಬುಧವಾರ, ಗುರುವಾರ ಸೇರಿ ಡಿಕ್ಸನ್‌ಗೆ ಹನ್ನೊಂದು ವಾಯ್ಸ್ ಮೆಸೇಜ್ ಹೋದವು. ಹನ್ನೊಂದಕ್ಕೂ ಒಂದೇ ಉತ್ತರ: ‘ನೋಟೆಡ್ ಆಂಟಿ’, ಜೊತೆಗೆ ಮುಗಿದ ಕೈಗಳ ಚಿತ್ರ. ಶುಕ್ರವಾರ ಗುಂಪಿಗೆ ‘ಫೈನಲ್’ ಎಂಬ ಹೆಸರಿನ ಹೊಸ ಪಿಡಿಎಫ್ ಬಂತು. ಅದರಲ್ಲೂ ಆಕೆ ಸತ್ತೇ ಇದ್ದಳು. ರೆಜಿನಾಳ ಪಿತ್ತ ನೆತ್ತಿಗೇರಿತು.

ಶನಿವಾರ ಬೆಳಿಗ್ಗೆ ಆಕೆ ಕ್ಯಾಬಿನ್ ಸೂಟ್‌ಕೇಸನ್ನು ಬಾಗಿಲ ಬಳಿ ತಂದು ನಿಲ್ಲಿಸಿದಳು. ಹುಟ್ಟೂರು ಪೆರ್ಲಗುಡ್ಡೆಯ ಚರ್ಚಿನ ಶತಮಾನೋತ್ಸವದ ದಪ್ಪ ಸ್ಮರಣ ಸಂಚಿಕೆ, ಸ್ತ್ರೀಯರ ಸಂಘದ ಸುವರ್ಣ ಮಹೋತ್ಸವದ ಪುಸ್ತಿಕೆ, ಊರಿನ ಇತಿಹಾಸದ ಒಂದು ಹರಿದ ಪುಸ್ತಕ, ಇನ್ನೂ ಏನೇನೋ ಕಾಗದ ಅದರೊಳಗಿದ್ದವು.

‘ಮಮ್ಮಾ, ಪ್ಲೀಸ್. ಇವತ್ತು ನನ್ನ ಆಫ್,’ ಎಂದಳು ಲವಿಟಾ, ಕಣ್ಣುಜ್ಜುತ್ತ.

‘ನಂದು ಆಫ್ ಆಗಿ ಅರುವತ್ತೆಂಟು ವರ್ಷ ಆಯ್ತು. ಯಲ್ಲಾ, ಗಾಡಿ ತೆಗಿ.’

ದುಬೈಯ ಮಿರ್ದಿಫ್‌ನಲ್ಲಿದ್ದ ಡಿಕ್ಸನ್ ಮನೆ ತಲುಪುವವರೆಗೆ ಒಂದೂಕಾಲು ಗಂಟೆ ರೆಜಿನಾ ಬಾಯಿ ಮುಚ್ಚಲಿಲ್ಲ. ಲವಿಟಾ ದಾರಿಯ ನಡುವಿನ ಗಂಟೂತಿನವರೆಗೆ ಹ್ಞೂಂ ಎಂದಳು, ಆಮೇಲೆ ಅದನ್ನೂ ಬಿಟ್ಟಳು.

ಡಿಕ್ಸನ್ ಎಂದರೆ ರೆಜಿನಾಳ ದೊಡ್ಡಪ್ಪನ ಮೊಮ್ಮಗ, ನಲವತ್ತನಾಲ್ಕರ ಪ್ರಾಯ. ಜೆಬೆಲ್ ಅಲಿಯ ಒಂದು ಕಂಪನಿಯಲ್ಲಿ ಡಾಕ್ಯುಮೆಂಟ್ ಕಂಟ್ರೋಲರ್. ಕೊರೋನಾ ಕಾಲದಲ್ಲಿ ಮನೆಯಲ್ಲಿ ಕೂತು ಬೇಸರ ಬಂದು ವಂಶಾವಳಿಗೆ ಕೈ ಹಾಕಿದವನು, ಕೊರೋನಾ ಹೋದರೂ ಕೈ ತೆಗೆದಿರಲಿಲ್ಲ. ಅವನ ಊಟದ ಮೇಜಿನಲ್ಲಿ ಊಟಕ್ಕೆ ಜಾಗವಿರಲಿಲ್ಲ. ಚರ್ಚುಗಳ ಸ್ಮರಣ ಸಂಚಿಕೆಗಳು, ಬೇರೆ ಮನೆತನಗಳ ವಂಶಾವಳಿಗಳು, ತಾಲೂಕಿನ ಇತಿಹಾಸಗಳು, ಪ್ರತಿಯೊಂದಕ್ಕೂ ಹಳದಿ ಚೀಟಿ, ಚೀಟಿಗೆ ನಂಬರು. ಅವನ ಹೆಂಡತಿ ಒಲಿವಿಯಾ ಚಹಾದ ಟ್ರೇ ಇಡಲು ಜಾಗ ಹುಡುಕಿ ಸೋತು, ಅದನ್ನು ಇಸ್ತ್ರಿ ಮೇಜಿನ ಮೇಲಿಟ್ಟು ಒಳಗೆ ಹೋದಳು.

‘ನಾನು ಬದುಕಿದ್ದೇನೆ,’ ಎಂದಳು ರೆಜಿನಾ, ಕೂರುವ ಮೊದಲೇ.

‘ಗೊತ್ತುಂಟು ಆಂಟಿ. ಆದರೆ ಸೋರ್ಸ್ ಪ್ರಕಾರ ನೀವು ಇಲ್ಲ.’

‘ಎಂತ ಸೋರ್ಸ್ ಮಾರಾಯ? ನಿನ್ನ ಮುಂದೆ ನಿಂತಿದ್ದೇನಲ್ಲ!’

‘ಹಾಗಲ್ಲ ಆಂಟಿ, ಪುಸ್ತಕಕ್ಕೆ ಒಂದು ಪಾಲಿಸಿ ಉಂಟು. ಕಣ್ಣಿಗೆ ಕಂಡದ್ದು, ಬಾಯಲ್ಲಿ ಹೇಳಿದ್ದು ತಗೊಳ್ಳುದಿಲ್ಲ. ಒಬ್ಬರಿಗೆ ಬಿಟ್ಟರೆ ಎಲ್ಲರಿಗೂ ಬಿಡ್ಬೇಕಾಗ್ತದೆ. ಮೊನ್ನೆ ಒಬ್ಬರು ತಮ್ಮ ಮುತ್ತಜ್ಜ ಗೋವಾದಲ್ಲಿ ಕುದುರೆಯಲ್ಲಿ ಓಡಾಡ್ತಿದ್ದದ್ದು ಅಂತ ಹೇಳಿದ್ರು.’

ರೆಜಿನಾ ಪರ್ಸಿನಿಂದ ಎಮಿರೇಟ್ಸ್ ಐಡಿ ತೆಗೆದು ಅವನ ಲ್ಯಾಪ್‌ಟಾಪಿನ ಕೀಲಿಗಳ ಮೇಲೆ ಕುಕ್ಕಿದಳು. ಡಿಕ್ಸನ್ ಅದನ್ನು ತಿರುಗಿಸಿ ಮುರುಗಿಸಿ ನೋಡಿದ.

‘ಇದರಲ್ಲಿ ರೆಜಿನಾ ಮೊಂತೇರೊ ಅಂತ ಉಂಟು. ನಂಗೆ ಬೇಕಾದ್ದು ರೆಜಿನಾ ಪಾಯ್ಸ್.’

‘ಮದುವೆಯಾದ ಮೇಲೆ ಮೊಂತೇರೊ ಆದದ್ದು! ನನ್ನ ಗಂಡ, ನಿನ್ನ ಮೆಲ್ವಿನ್ ಅಂಕಲ್‌ನ ದಫನಕ್ಕೆ ನೀನು ಬಂದಿದ್ದೆ, ಎರಡು ಪ್ಲೇಟ್ ಊಟ ಮಾಡಿದ್ದೆ!’

‘ಬಂದಿದ್ದೆ ಆಂಟಿ. ಅದು ಎವಿಡೆನ್ಸ್ ಅಲ್ಲ.’

ಲವಿಟಾ ಗೋಡೆಗೆ ತಲೆ ಆನಿಸಿ ಕಣ್ಣು ಮುಚ್ಚಿಕೊಂಡಳು. ಇಪ್ಪತ್ತು ವರ್ಷ ಪ್ರಾಯ ಕಡಿಮೆಯಾಗಿದ್ದರೆ ಈ ಹುಡುಗನ ಕಿವಿ ಹಿಂಡಬಹುದಿತ್ತು ಎಂದು ರೆಜಿನಾಗೆ ಅನ್ನಿಸಿತು. ಹಲ್ಲು ಕಚ್ಚಿ ಸೂಟ್‌ಕೇಸ್ ತೆರೆದಳು. ಸ್ಮರಣ ಸಂಚಿಕೆಯ ಎಪ್ಪತ್ತೇಳನೇ ಪುಟದಲ್ಲಿ 1966ರಲ್ಲಿ ಮೊದಲ ಪರಮಪ್ರಸಾದ ಸ್ವೀಕರಿಸಿದ ಮಕ್ಕಳ ಫೋಟೋ. ಬಿಳಿ ಲಂಗ, ತಲೆಯ ಮೇಲೆ ಬಲೆಯ ಮುಸುಕು, ಎಡದಿಂದ ಮೂರನೆಯವಳು, ಕೆಳಗೆ ಹೆಸರು: ರೆಜಿನಾ ಪಾಯ್ಸ್.

‘ಇದು ಯಾರು? ದೆವ್ವವಾ?’

ಡಿಕ್ಸನ್ ಅದೇ ಪುಸ್ತಕದ ತನ್ನ ಪ್ರತಿ ಎಳೆದುಕೊಂಡ. ಹಳದಿ ಚೀಟಿಯಿದ್ದ ನೂರ ಹನ್ನೆರಡನೇ ಪುಟ ಬಿಡಿಸಿದ. ಸಮಾಧಿ ರಿಜಿಸ್ಟರಿನಿಂದ ತೆಗೆದ ಪಟ್ಟಿ. ‘1957. ರೆಜಿನಾ, ಸಾಲ್ವದೋರ್ ಪಾಯ್ಸರ ಮಗಳು, ಎಂಟು ತಿಂಗಳು.’

‘ರಿಜಿಸ್ಟರ್ ಅಂದ್ರೆ ಪ್ರೈಮರಿ ಆಂಟಿ. ಫೋಟೋದ ಕೆಳಗಿನ ಹೆಸರು ಸೆಕೆಂಡರಿ. ಸ್ಮರಣ ಸಂಚಿಕೆಯಲ್ಲಿ ಹೆಸರು ಆಚೀಚೆ ಆಗುದು ಮಾಮೂಲು. ನಮ್ಮ ಅಜ್ಜನ ಫೋಟೋದ ಕೆಳಗೆ ಬಿಷಪರ ಹೆಸರು ಬಂದಿತ್ತು.’

‘ಅದು ನಾನಲ್ಲ! ಅದು ನನಗಿಂತ ಮೊದಲು ಹುಟ್ಟಿದ ಮಗು!’

‘ಅದಕ್ಕೂ ರೆಜಿನಾ, ನಿಮಗೂ ರೆಜಿನಾ? ಒಂದೇ ಅಪ್ಪ ಅಮ್ಮ? ಯಾರು ಹಾಗೆ ಹೆಸರಿಡ್ತಾರೆ ಆಂಟಿ?’

ರೆಜಿನಾ ತಲೆಗೆ ಕೈ ಹೊತ್ತು ಕುಳಿತಳು. ಆರು ತಲೆಮಾರು ಅರೆದು ಕುಡಿದವನಿಗೆ ಇಷ್ಟು ಗೊತ್ತಿಲ್ಲವಲ್ಲ! ಮೊದಲ ಹೆಣ್ಣುಮಗುವಿಗೆ ಅಪ್ಪನ ತಾಯಿಯ ಹೆಸರಿಡಬೇಕು. ಆ ಮಗು ಹೋಯಿತೆಂದರೆ ಅಜ್ಜಿಯ ಹೆಸರು ಅದರೊಟ್ಟಿಗೆ ಹೋಗಬಾರದು, ಮುಂದೆ ಹುಟ್ಟಿದ ಹೆಣ್ಣಿಗೆ ಅದೇ ಹೆಸರು. ಊರಿನ ಅರ್ಧ ಮನೆಗಳಲ್ಲಿ ಹಾಗೆ ಎರಡನೇ ಸಲ ಬಳಸಿದ ಹೆಸರುಗಳಿದ್ದವು. ಅದನ್ನೆಲ್ಲ ಆಕೆ ಬಿಡಿಸಿ ಹೇಳಿದಳು, ಎರಡು ಸಲ ಹೇಳಿದಳು. ಡಿಕ್ಸನ್ ತಲೆಯಾಡಿಸಿ, ‘ಒಂದು ಡಾಕ್ಯುಮೆಂಟ್ ಇದ್ರೆ ಒಳ್ಳೇದಿತ್ತು,’ ಎಂದ.

ಗಂಟೆ ಮೂರಾಗಿತ್ತು. ಆಗ ಲವಿಟಾ, ಸಿಟ್ಟಿನಲ್ಲೋ ಬೇಸರದಲ್ಲೋ, ಸೂಟ್‌ಕೇಸನ್ನು ನೆಲದ ಮೇಲೆ ಬೋರಲು ಸುರಿದಳು. ಸುವರ್ಣ ಮಹೋತ್ಸವದ ಪುಸ್ತಿಕೆಯೊಳಗಿಂದ ಪ್ಲಾಸ್ಟಿಕ್ ಹೊದಿಕೆಯ ಒಂದು ಹಳದಿ ಕಾಗದ ಜಾರಿತು. ಮದುವೆಗೆಂದು ತೆಗೆಸಿ ರೆಜಿನಾ ಮರೆತೇಬಿಟ್ಟಿದ್ದ ದೀಕ್ಷಾಸ್ನಾನದ ಪ್ರಮಾಣಪತ್ರ. ರೆಜಿನಾ ಪಾಯ್ಸ್, ಜನನ ಸೆಪ್ಟೆಂಬರ್ 1958.

ಡಿಕ್ಸನ್ ಅದನ್ನು ನೋಡಿದ. ಲ್ಯಾಪ್‌ಟಾಪಿನಲ್ಲಿ ಒಂದು ಎಕ್ಸೆಲ್ ತೆರೆದ, ಮತ್ತೊಂದು ಹಳೆಯದನ್ನು ತೆರೆದ. ಅವನ ಕಿವಿಗಳು ಮೆಲ್ಲನೆ ಕೆಂಪಾದವು.

‘ನೀವು ಇದ್ರಿ ಆಂಟಿ. ದೀಕ್ಷಾಸ್ನಾನದ ಪಟ್ಟಿಯಲ್ಲಿ ಬಂದಿತ್ತು. ಹೆಸರು, ಅಪ್ಪ, ಅಮ್ಮ ಎಲ್ಲ ಸೇಮ್ ಅಂತ ನಾನೇ... ರಿಮೂವ್ ಡೂಪ್ಲಿಕೇಟ್ಸ್ ಒತ್ತಿದ್ದೆ. ಮೊದಲಿನದ್ದು ಉಳಿತದೆ, ಎರಡನೇದು ಹೋಗ್ತದೆ.’

ಯಾವ ಬೈಗುಳದಿಂದ ಶುರುಮಾಡುವುದೆಂದು ರೆಜಿನಾ ಹುಡುಕುತ್ತಿದ್ದಳು. ಡಿಕ್ಸನ್ ಆಗಲೇ ಟೈಪ್ ಮಾಡತೊಡಗಿದ್ದ. ಎರಡು ನಿಮಿಷದ ಕೆಲಸ. ಮೂರು ದಿನ ಆಕೆಯ ರಕ್ತ ಕುದಿಸಿದ್ದು ಎರಡು ನಿಮಿಷದ ಕೆಲಸ. ಪರದೆ ತಿರುಗಿಸಿ ತೋರಿಸಿದ: ‘ಮಗಳು ರೆಜಿನಾ, ಜನನ 1958, ಪತಿ ದಿವಂಗತ ಮೆಲ್ವಿನ್ ಮೊಂತೇರೊ, ಮಗಳು ಲವಿಟಾ.’

‘ಖಲಾಸ್,’ ಎಂದಳು ಲವಿಟಾ, ಕಾರಿನ ಕೀಲಿ ಕೈಗೆತ್ತಿಕೊಂಡು. ‘ಥ್ಯಾಂಕ್ ಗಾಡ್.’

ರೆಜಿನಾ ಏಳಲಿಲ್ಲ. ಕನ್ನಡಕ ಸರಿಮಾಡಿಕೊಂಡು ಆ ಸಾಲನ್ನು ಓದಿದಳು, ಅದರ ಮೇಲೆ ಓದಿದಳು, ಕೆಳಗೆ ಓದಿದಳು.

‘ಆ ಮಗು ಎಲ್ಲಿ?’

‘ತೆಗೆದೆ ಆಂಟಿ. ಅದನ್ನು ತೆಗೆದೇ ನಿಮ್ಮನ್ನು ಹಾಕಿದ್ದು.’

ಖುಷಿಯಾಗಬೇಕಿತ್ತು. ಆ ಮಗುವಿನ ಮೇಲೆ ರೆಜಿನಾಗೆ ಒಂದಿಷ್ಟೂ ಪ್ರೀತಿ ಇರಲಿಲ್ಲ, ಇದ್ದದ್ದು ಕೋಪ. ಅಕ್ಷರ ಕಲಿತ ವರ್ಷ, ನವೆಂಬರ್ ಎರಡರ ಮೃತರ ಹಬ್ಬದಲ್ಲಿ, ಅಮ್ಮನ ಕೈಹಿಡಿದು ಚರ್ಚಿನ ಹಿಂದೆ ಹೋದಾಗ ಒಂದು ಗಿಡ್ಡ ಶಿಲುಬೆಯ ಮೇಲೆ ತನ್ನದೇ ಹೆಸರನ್ನು ಕೂಡಿಸಿ ಕೂಡಿಸಿ ಓದಿ, ಚೀರಿ ಓಡಿದ್ದಳು. ‘ಅದು ನಿಂದಲ್ಲ, ಮೊದಲಿನದ್ದು,’ ಎಂದಿದ್ದಳು ಅಮ್ಮ. ಮನೆಯಲ್ಲಿ ಅದಕ್ಕೆ ಹೆಸರು ಅಷ್ಟೇ, ಮೊದಲಿನದು. ಹೆಸರನ್ನು ಈಕೆಗೆ ಕೊಟ್ಟಾಗಿತ್ತಲ್ಲ. ಅಮ್ಮ ಕೊನೆಯ ದಿನ ರೆಜಿನಾ, ರೆಜಿನಾ ಎಂದು ಕರೆದಾಗ ಈಕೆ ಅಬುಧಾಬಿಯಿಂದ ಓಡಿ ಹೋಗಿ ಮಂಚದ ಪಕ್ಕದಲ್ಲೇ ಕೂತಿದ್ದಳು, ಇಲ್ಲಿದ್ದೇನೆ ಅಂದಳು. ಅಮ್ಮನ ಕಣ್ಣು ಈಕೆಯನ್ನು ದಾಟಿ ಎಲ್ಲೋ ನೋಡಿತು. ಕರೆದದ್ದು ಯಾರನ್ನೆಂದು ಇವತ್ತಿಗೂ ಗೊತ್ತಿಲ್ಲ, ಅದು ಇವತ್ತಿಗೂ ಉರಿಯುತ್ತದೆ.

ಆ ಶಿಲುಬೆ ಈಗಿಲ್ಲ. ಹಳೆಯ ಸಣ್ಣ ಸಮಾಧಿಗಳನ್ನೆಲ್ಲ ಅಗೆದು ಸಪಾಟು ಮಾಡಿ ಹೊಸ ಗೋರಿಗಳಿಗೆ ಜಾಗ ಮಾಡಿ ವರ್ಷಗಳಾದವು. ಮಗುವಿನ ಒಂದು ಫೋಟೋ ಇಲ್ಲ. ಅಮ್ಮ ಇಲ್ಲ. ರಿಜಿಸ್ಟರ್ ಚರ್ಚಿನ ಕಪಾಟಿನೊಳಗೆ, ಸ್ಮರಣ ಸಂಚಿಕೆಯ ನೂರ ಹನ್ನೆರಡನೇ ಪುಟವನ್ನು ಡಿಕ್ಸನ್‌ನಂಥವನಲ್ಲದೆ ಬೇರಾರೂ ತೆರೆಯುವುದಿಲ್ಲ. ಅಪ್ಪ ಅಮ್ಮನ ಹೆಸರಿನ ಕೆಳಗೆ ಅದನ್ನು ಯಾರಾದರೂ ಕೂರಿಸಿದ್ದೆಂದರೆ ಈ ನಲವತ್ತೊಂದನೇ ಪುಟದಲ್ಲೇ. ಅಲ್ಲಿಂದ ಎಬ್ಬಿಸಿದ್ದು ತಾನು.

‘ಅದನ್ನು ವಾಪಸ್ ಹಾಕು,’ ಎಂದಳು.

ಡಿಕ್ಸನ್ ಕೈಯೆರಡನ್ನೂ ಮೇಲೆತ್ತಿದ. ‘ಆಂಟಿ! ಇಷ್ಟು ಹೊತ್ತು ಸತ್ತಿಲ್ಲ ಸತ್ತಿಲ್ಲ ಅಂತ ನನ್ನ ತಲೆ ತಿಂದ್ರಿ. ಈಗ ಸತ್ತದ್ದೂ ಬೇಕಾ? ಜಾಗ ಇಲ್ಲ. ಕೆಳಗೆ ಗ್ರೂಪ್ ಫೋಟೋ ಉಂಟು, ಒಂದು ಸಾಲು ಹೆಚ್ಚಾದ್ರೆ ಪುಟ ಮುಂದೆ ಹೋಗ್ತದೆ, ಹಿಂದಿನ ಇಂಡೆಕ್ಸ್ ಪೂರಾ ತಪ್ಪುತದೆ. ಐದು ಗಂಟೆಗೆ ಪ್ರೆಸ್‌ನವ ಫೈಲ್ ಕೇಳ್ತಾನೆ.’

‘ಫೋಟೋ ಸಣ್ಣ ಮಾಡು.’

‘ಈಗಲೇ ನಲವತ್ತು ತಲೆಗಳು ಅಕ್ಕಿಕಾಳಿನಷ್ಟು ಉಂಟು.’

‘ನಾಯಿಯನ್ನು ತೆಗಿ.’

‘ನಾಯಿ ಮೂವತ್ತೊಂಬತ್ತನೇ ಪುಟದಲ್ಲಿ ಆಂಟಿ! ಅಲ್ಲಿ ತೆಗೆದ್ರೆ ಇಲ್ಲಿ ಜಾಗ ಆಗುದಿಲ್ಲ!’ ಅವನು ತಲೆ ಕೆರೆದುಕೊಂಡ. ‘ಒಂದು ಮಾಡ್ಬಹುದು. ಇಬ್ಬರದ್ದೂ ಬರೇ ಹೆಸರು, ಇಸವಿ. ಒಂದೇ ಸಾಲಲ್ಲಿ ಹಿಡಿತದೆ. ಆದರೆ ಅಂಕಲ್, ಲವಿಟಾ ಬರುದಿಲ್ಲ.’

ಲವಿಟಾ ಕೀಲಿಯನ್ನು ಬೆರಳಿಗೆ ಸುತ್ತುವುದನ್ನು ನಿಲ್ಲಿಸಿದಳು. ಬೆಳಗಿನಿಂದ ಈ ಪುಸ್ತಕಕ್ಕೂ ತನಗೂ ಸಂಬಂಧವಿಲ್ಲವೆಂಬಂತೆ ಇದ್ದವಳ ಮುಖ ಸಣ್ಣದಾಯಿತು. ‘ಮಮ್ಮಾ, ನನ್ನನ್ನು ಹಾಕ್ಲಿಕ್ಕೆ ಅಂತಲೇ ಅಲ್ವಾ ನೀನು ಬಂದದ್ದು?’

‘ಹೌದು.’ ರೆಜಿನಾಗೆ ಸಂಕಟವಾಯಿತು, ಸಂಕಟವಾದ್ದಕ್ಕೆ ಇನ್ನಷ್ಟು ಸಿಟ್ಟು ಬಂತು. ‘ನೀನು ಇದ್ದಿ ಮಗಾ. ನಿನ್ನನ್ನು ಮುಂದಿನ ಎಡಿಷನ್‌ಗೆ ಹಾಕಿಸ್ತೇನೆ, ಇವನ ಜೀವ ತಿಂದಾದರೂ. ಆ ಮಗುವಿಗೋಸ್ಕರ ಜಗಳ ಮಾಡ್ಲಿಕ್ಕೆ ಯಾರಿದ್ದಾರೆ?’

ಲವಿಟಾ ಕುರ್ಚಿ ಎಳೆದು ತಾಯಿಯ ಪಕ್ಕ ಕುಳಿತು, ‘ಹಾಕು ಡಿಕ್ಸನ್,’ ಎಂದಳು.

ಅವನು ಅಳಿಸಿದ, ಬರೆದ. ‘ರೆಜಿನಾ, 1956–1957. ರೆಜಿನಾ, ಜನನ 1958.’ ಅದನ್ನೇ ನೋಡುತ್ತ ಹುಬ್ಬು ಗಂಟಿಕ್ಕಿದ.

‘ಹೀಗೆ ಬಿಟ್ರೆ ಇನ್ನೊಬ್ಬ ಯಾರಾದ್ರೂ ಪುನಃ ಡೂಪ್ಲಿಕೇಟ್ ಅಂತ ತೆಗಿತಾರೆ ಆಂಟಿ. ಒಂದು ಶಬ್ದಕ್ಕೆ ಜಾಗ ಉಂಟು. ಈ ಮಗು ನಿಮಗೆ ಏನು ಅಂತ ಹಾಕ್ಲಿ?’

ರೆಜಿನಾಳ ನಾಲಗೆಗೆ ಬಂದದ್ದು ‘ಮೊದಲಿನದು’ ಎಂಬ ಮಾತು. ಅದನ್ನು ನುಂಗಿದಳು.

‘ಅಕ್ಕ,’ ಎಂದಳು. ‘ಅಕ್ಕ ಅಂತ ಹಾಕು ಮಾರಾಯ.’

ಅರುವತ್ತೇಳು ವರ್ಷಗಳಲ್ಲಿ ಆ ಮಗುವನ್ನು ಆಕೆ ಹಾಗೆ ಕರೆದದ್ದು ಅದೇ ಮೊದಲು.